ಕರೆಂಟು ಗಾಡಿ: ಬೈಕಿನವರ ಸಂಶಯ, ನನ್ನ ಡೈರಿಯ ಲೆಕ್ಕ

ಬೆಳಗ್ಗೆ ಆರೂವರೆಗೆ ನಮ್ಮ ಹಾಲಿನ ಸೊಸೈಟಿಯ ಎದುರು ಹದಿನೈದಿಪ್ಪತ್ತು ಬೈಕುಗಳು ನಿಂತಿರುತ್ತವೆ. ಅವುಗಳ ನಡುವೆ ಸದ್ದಿಲ್ಲದೆ ಬಂದು ನಿಲ್ಲುವ ಕರೆಂಟು ಸ್ಕೂಟರ್ ನನ್ನದೊಂದೇ. ಎರಡು ವರ್ಷ ದಾಟಿದರೂ ಅದನ್ನು ಕಂಡಾಗ ಬರುವ ಪ್ರಶ್ನೆಗಳು ಮಾತ್ರ ಬದಲಾಗಿಲ್ಲ.

‘ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋದ್ರೆ ಎಂತ ಮಾಡುದು ಮಾರಾಯ್ರೆ?’

‘ಘಾಟಿ ಹತ್ತೀತಾ ಇದು?’

‘ಬ್ಯಾಟ್ರಿ ಸತ್ರೆ ಗಾಡಿಯೇ ಗುಜರಿಗೆ ಅಲ್ವಾ?’

‘ಬೆಂಕಿ ಹಿಡಿತದಂತೆ, ಪೇಪರಲ್ಲಿ ಬಂದಿತ್ತು.’

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಕೊಳ್ಳುವ ಮೊದಲು ನಾನೂ ಇದೇ ಪ್ರಶ್ನೆಗಳನ್ನು ಕೇಳುತ್ತಿದ್ದೆ. ಎರಡೂವರೆ ಎಕರೆ ಅಡಿಕೆ ತೋಟ, ಮೂರು ಹಸು ಇಟ್ಟುಕೊಂಡವನಿಗೆ ಒಂದು ಲಕ್ಷ ರೂಪಾಯಿ ಸಣ್ಣ ದುಡ್ಡಲ್ಲ. ತಪ್ಪಿದರೆ ಒಂದು ವರ್ಷದ ಮೈಲುತುತ್ತು, ಗೊಬ್ಬರ, ಆಳಿನ ಸಂಬಳಕ್ಕೆ ಏಟು. ಹಾಗಾಗಿ ಸಂಶಯಪಡುವುದು ತಪ್ಪಲ್ಲ. ಆದರೆ ಸಂಶಯವನ್ನು ಅಳೆಯದೆ ವರ್ಷಗಟ್ಟಲೆ ಬಾಯಲ್ಲೇ ಇಟ್ಟುಕೊಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ನಾನು ಅಳೆದದ್ದು ಹೇಗೆ, ಯಾವ ಸಂಶಯ ಸುಳ್ಳಾಯಿತು, ಯಾವುದು ನಿಜವಾಗಿಯೇ ಉಳಿಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡೈರಿ

ನನ್ನದು 2009ರ ಬೈಕು. ಈಗಲೂ ಓಡುತ್ತದೆ. 2023ರ ಆರಂಭದಲ್ಲಿ ಮಗಳು ಕಾಲೇಜಿಗೆ ಸೇರುವ ಮಾತು ಬಂದಾಗ ಮನೆಗೆ ಎರಡನೆಯದೊಂದು ಗಾಡಿ ಬೇಕಾಯಿತು. ಮನೆಯಾಕೆಗೂ ಮಗಳಿಗೂ ಕಿಕ್ ಹೊಡೆಯುವ ಬೈಕು ಆಗದು. ಪೆಟ್ರೋಲ್ ಸ್ಕೂಟರೋ ಕರೆಂಟು ಸ್ಕೂಟರೋ ಎಂಬ ಪ್ರಶ್ನೆ ಎದ್ದದ್ದು ಹೀಗೆ.

ಶೋರೂಮಿಗೆ ಹೋಗುವ ಮೊದಲು ಒಂದು ಹಳೆ ಡೈರಿ ತೆಗೆದು ಬೈಕಿನ ಮೀಟರ್ ಬರೆಯತೊಡಗಿದೆ. ರಾತ್ರಿ ಮಲಗುವ ಮುಂಚೆ ನಾಲ್ಕು ಸಂಗತಿ: ಇವತ್ತು ಎಷ್ಟು ಕಿ.ಮೀ., ಎಲ್ಲಿಗೆ, ಹೊರೆ ಏನು, ಕರೆಂಟು ಎಷ್ಟು ಗಂಟೆ ಇರಲಿಲ್ಲ. ಮೂರು ತಿಂಗಳು ಬಿಡದೆ ಬರೆದೆ.

ಯಾರಾದರೂ ಕೇಳಿದ್ದರೆ ‘ದಿನಕ್ಕೆ ಐವತ್ತು ಅರುವತ್ತು ಕಿ.ಮೀ. ಓಡಿಸ್ತೇನೆ’ ಎಂದು ಹೇಳುತ್ತಿದ್ದೆ. ಡೈರಿ ಹೇಳಿದ್ದೇ ಬೇರೆ. ಮೊದಲ ತಿಂಗಳ 31 ದಿನಗಳಲ್ಲಿ 25 ದಿನ 30 ಕಿ.ಮೀ.ಗಿಂತ ಕಡಿಮೆ. ನಾಲ್ಕು ದಿನ 30ರಿಂದ 60ರ ಒಳಗೆ. ಎರಡೇ ದಿನ 60 ದಾಟಿದ್ದು, ಅದರಲ್ಲಿ ಹೆಚ್ಚಿನದು 76. ಒಟ್ಟು 744 ಕಿ.ಮೀ., ದಿನಕ್ಕೆ ಸರಾಸರಿ 24. ಮೂರು ತಿಂಗಳಲ್ಲಿ ಒಂದೇ ದಿನ, ಸಂಬಂಧಿಕರ ಮದುವೆಗೆ ಹೋದದ್ದು, 118 ಕಿ.ಮೀ. ಆಯಿತು.

ದೂರದ ಪ್ರಯಾಣ ನೆನಪಿನಲ್ಲಿ ಉಳಿಯುತ್ತದೆ. ಸೊಸೈಟಿ, ಅಂಗಡಿ, ಬ್ಯಾಂಕು ಎಂದು ದಿನಾ ಓಡುವ ಸಣ್ಣ ಓಡಾಟ ಮರೆತುಹೋಗುತ್ತದೆ. ನಮ್ಮ ಅಂದಾಜು ತಪ್ಪುವುದು ಅಲ್ಲಿ.

‘ದಾರಿಯಲ್ಲಿ ಚಾರ್ಜ್ ಮುಗಿದ್ರೆ?’

ಕರೆಂಟು ಗಾಡಿಗೆ ಬ್ಯಾಟರಿಯೇ ಟ್ಯಾಂಕ್. ಟ್ಯಾಂಕಿಗೆ ಲೀಟರ್ ಇದ್ದಂತೆ ಬ್ಯಾಟರಿಗೆ ಯೂನಿಟ್. ನಾವು ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ನನ್ನ ಗಾಡಿಯದು ಸುಮಾರು 3 ಯೂನಿಟಿನ ಬ್ಯಾಟರಿ. ನೂರು ಕಿ.ಮೀ. ಓಡಲು ಬ್ಯಾಟರಿಯಿಂದ ಸುಮಾರು 3 ಯೂನಿಟ್ ಬೇಕು. ಚಾರ್ಜರಿನಲ್ಲಿ ಸ್ವಲ್ಪ ಬಿಸಿಯಾಗಿ ಹೋಗುವುದರಿಂದ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಮೂರೂವರೆ.

ಕಂಪೆನಿಯವರು ಹೇಳುವ ದೂರ ಪರೀಕ್ಷಾ ಕೋಣೆಯದ್ದು. ನನ್ನ ಗಾಡಿಗೆ ಅವರು ಹೇಳಿದ್ದು 125 ಕಿ.ಮೀ. ಡಾಮರು ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ನನಗೆ ಸಿಕ್ಕಿದ್ದು 92. ಹಿಂಡಿ ಚೀಲ ಹಾಕಿಕೊಂಡು ಏರುತಗ್ಗಿನ ದಾರಿಯಲ್ಲಿ 80. ಬೈಕಿನ ಮೈಲೇಜೂ ಪುಸ್ತಕದಲ್ಲಿ ಬರೆದಷ್ಟು ಯಾರಿಗೂ ಬರುವುದಿಲ್ಲ, ಅದೇ ಲೆಕ್ಕ. ಕೊಳ್ಳುವವರು ಕಂಪೆನಿ ಹೇಳಿದ್ದರ ಮೂರನೇ ಎರಡು ಪಾಲು ಎಂದು ಹಿಡಿದರೆ ಮೋಸವಾಗದು.

ವೇಗದ ಮೇಲೂ ಕಣ್ಣಿರಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 40ರಲ್ಲಿ ಹೋಗುವವನಿಗೂ 80ರಲ್ಲಿ ಹೋಗುವವನಿಗೂ ಒಂದೇ ಬ್ಯಾಟರಿ ಒಂದೇ ದೂರ ಬಾರದು.

ನನ್ನ ಡೈರಿಯ ಪ್ರಕಾರ 80 ಕಿ.ಮೀ. ಸಾಕು. ಮೂರು ತಿಂಗಳಲ್ಲಿ ಅದು ಸಾಕಾಗದೆ ಹೋದದ್ದು ಮದುವೆಗೆ ಹೋದ ದಿನ ಮಾತ್ರ. ನಿಮ್ಮ ಡೈರಿ ಹಾಗೆ ಹೇಳದಿದ್ದರೆ ಈ ಗಾಡಿ ನಿಮಗಲ್ಲ.

‘ಘಾಟಿ ಹತ್ತೀತಾ?’

ನಾನು ಹೆಚ್ಚು ಹೆದರಿದ್ದು ಏರಿಗೆ. ನಮ್ಮ ಮನೆಯಿಂದ ಮುಖ್ಯರಸ್ತೆಗೆ ಬರಬೇಕಾದರೆ ಒಂದೂವರೆ ಕಿ.ಮೀ. ಏರು, ಅರ್ಧ ಮಣ್ಣುದಾರಿ. ಇದರ ಲೆಕ್ಕವನ್ನು ಹೈಸ್ಕೂಲ್ ಮಕ್ಕಳ ವಿಜ್ಞಾನದಿಂದಲೇ ಹಾಕಬಹುದು. ಮಗಳೇ ಹಾಕಿಕೊಟ್ಟಳು.

ಗಾಡಿ, ನಾನು, ಒಂದು ಚೀಲ ಸೇರಿ 250 ಕಿಲೊ ಎಂದಿಟ್ಟುಕೊಳ್ಳಿ. ಇದನ್ನು 100 ಮೀಟರ್ ಎತ್ತರಕ್ಕೆ ಏರಿಸಲು 250 × 9.8 × 100 = 2,45,000 ಜೌಲ್ ಬೇಕು. ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಅಂದರೆ ಬೇಕಾದದ್ದು 0.07 ಯೂನಿಟ್ ಮಾತ್ರ. ಮೋಟಾರಿನಲ್ಲಿ ನಷ್ಟವಾಗುವುದನ್ನು ಸೇರಿಸಿದರೂ 0.09. ಮೂರು ಯೂನಿಟಿನ ಬ್ಯಾಟರಿಯಲ್ಲಿ ಇದು ಶೇಕಡಾ ಮೂರು, ಸಪಾಟು ರಸ್ತೆಯ ಮೂರು ಕಿ.ಮೀ.ಗೆ ಸಮ. ಏರು ನಾವು ಹೆದರುವಷ್ಟು ತಿನ್ನುವುದಿಲ್ಲ.

ದೊಡ್ಡ ಘಾಟಿಯ ಲೆಕ್ಕವನ್ನೂ ನೋಡುವ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ. ಉಡುಪಿಯಿಂದ ಹೊರಟವನು ಹೆಚ್ಚುಕಡಿಮೆ ಅಷ್ಟನ್ನೂ ಏರಬೇಕು. ಏರಿಗೇ 0.54 ಯೂನಿಟ್, 55 ಕಿ.ಮೀ. ದೂರಕ್ಕೆ 1.65 ಯೂನಿಟ್. ಒಟ್ಟು 2.2. ಮೂರು ಯೂನಿಟಿನ ಗಾಡಿ ಆಗುಂಬೆ ಮುಟ್ಟುತ್ತದೆ. ಆದರೆ ವಾಪಸು ಬರಲು ಉಳಿಯುವುದು ಮುಕ್ಕಾಲು ಯೂನಿಟ್. ಇಳಿಯುವಾಗ ಮೋಟಾರ್ ತಿರುಗಿ ಸ್ವಲ್ಪ ಬ್ಯಾಟರಿಗೆ ತುಂಬುತ್ತದೆ, ನಿಜ. ಅದು ಏರುವಾಗ ಹೋದದ್ದರ ಒಂದು ಪಾಲು ಅಷ್ಟೆ, ಪೂರ್ತಿ ಅಲ್ಲ. ಮೇಲೆ ಎರಡು ಮೂರು ಗಂಟೆ ಚಾರ್ಜಿಗೆ ಇಡದೆ ಅದೇ ದಿನ ಹಿಂದೆ ಬರಲು ಆಗುವುದಿಲ್ಲ. ‘ಘಾಟಿ ಹತ್ತೀತಾ’ ಎಂದು ಕೇಳಿದರೆ ಹತ್ತುತ್ತದೆ. ‘ಹೋಗಿ ಬರಬಹುದಾ’ ಎಂದರೆ ಲೆಕ್ಕ ನೋಡಿ ಹೊರಡಬೇಕು.

ಎಳೆಯುವ ಶಕ್ತಿಯಲ್ಲಿ ಕರೆಂಟು ಮೋಟಾರಿಗೆ ಒಂದು ಗುಣವಿದೆ. ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ. ಏರಿನ ಮಧ್ಯೆ ದನ ಅಡ್ಡ ಬಂದು ನಿಂತರೆ ಕ್ಲಚ್ಚು, ಗೇರು ಎಂದು ಒದ್ದಾಡಬೇಕಿಲ್ಲ. ಆದರೆ ಕಡಿದಾದ ಏರನ್ನು ಹೊರೆ ಹಾಕಿಕೊಂಡು ತುಂಬಾ ಹೊತ್ತು ಏರಿದರೆ ಮೋಟಾರ್ ಬಿಸಿಯಾಗಿ ಗಾಡಿ ತಾನಾಗಿಯೇ ಬಲ ಕಡಿಮೆ ಮಾಡಿಕೊಳ್ಳುತ್ತದೆ. ಚಕ್ರದೊಳಗೇ ಮೋಟಾರ್ ಇರುವ ಗಾಡಿಗಳಲ್ಲಿ ಇದು ಬೇಗ ಕಾಣುತ್ತದೆ. ನಮ್ಮಂಥ ಗುಡ್ಡದ ಊರಿನವರು ಕೊಳ್ಳುವ ಮೊದಲು ಶೋರೂಮಿನ ಎದುರಿನ ರಸ್ತೆಯಲ್ಲಿ ಓಡಿಸಿದರೆ ಸಾಲದು. ಒಂದು ದಿನ ಮನೆಯ ತನಕ ತಂದು, ಹಿಂದೆ ಒಬ್ಬರನ್ನು ಕೂರಿಸಿ ಓಡಿಸಿ ನೋಡಬೇಕು. ನಾನು ಹಟ ಮಾಡಿ ಹಾಗೆ ಮಾಡಿದೆ.

ಬೈಕಿನವರ ಇನ್ನೊಂದು ಮಾತು ಪೂರ್ತಿ ನಿಜ. ಸ್ಕೂಟರಿನ ಚಕ್ರ 12 ಇಂಚು, ಬೈಕಿನದು 17-18. ಮಳೆಗಾಲದ ಕೆಸರಿನಲ್ಲಿ, ಕಲ್ಲಿನ ದಾರಿಯಲ್ಲಿ ದೊಡ್ಡ ಚಕ್ರಕ್ಕೆ ಸಮ ಇಲ್ಲ. ಕರೆಂಟಿನ ಬೈಕುಗಳೂ ಬಂದಿವೆ. ರಿವೋಲ್ಟ್ 2019ರಲ್ಲಿ ಬಂತು, ಬೆಂಗಳೂರಿನಲ್ಲೇ ತಯಾರಾಗುವ ಅಲ್ಟ್ರಾವಯೊಲೆಟ್ 2022ರಲ್ಲಿ ಬಂತು. ಆದರೂ ಮಾರಾಟವಾಗುವ ಕರೆಂಟು ಗಾಡಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಸ್ಕೂಟರೇ. ದೇಶದಲ್ಲಿ 2024-25ರಲ್ಲಿ ಮಾರಾಟವಾದ ನೂರು ದ್ವಿಚಕ್ರಿಗಳಲ್ಲಿ ಕರೆಂಟಿನದು ಸುಮಾರು ಆರು ಮಾತ್ರ. ಬೈಕಿನವರು ಸುಲಭಕ್ಕೆ ಬದಲಾಗದಿರಲು ಕೆಲಸಕ್ಕೆ ಸರಿಹೊಂದುವ ಬೈಕು ನಮ್ಮ ಕೈಗೆಟಕುವ ಬೆಲೆಗೆ ಸಿಗದಿರುವುದೂ ಕಾರಣ.

ಸ್ಕೂಟರಿನಲ್ಲಿ ಒಂದು ಲಾಭ ಕಂಡೆ. 50 ಕಿಲೊ ಹಿಂಡಿ ಚೀಲ ಕಾಲಿಡುವ ಜಾಗದಲ್ಲಿ ಕೂರುತ್ತದೆ. ಬೈಕಿನ ಹಿಂದೆ ಹಗ್ಗ ಕಟ್ಟಿ ವಾಲಾಡಿಸಿಕೊಂಡು ಬರುವ ಕಷ್ಟ ತಪ್ಪಿತು.

ದುಡ್ಡಿನ ಲೆಕ್ಕ

ಶೋರೂಮಿನವರು ‘ಕಿ.ಮೀ.ಗೆ 25 ಪೈಸೆ’ ಎಂದು ಮಾತು ನಿಲ್ಲಿಸುತ್ತಾರೆ. ಸುಳ್ಳಲ್ಲ, ಆದರೆ ಅರ್ಧ ಲೆಕ್ಕ. ಬ್ಯಾಟರಿ ಒಂದು ದಿನ ಸವೆಯುತ್ತದೆ ಎಂಬುದನ್ನು ಅವರು ಸೇರಿಸುವುದಿಲ್ಲ. ನನ್ನ ಬ್ಯಾಟರಿಯ ಬೆಲೆ ಕೇಳಿದಾಗ 55,000 ಎಂದರು. ಎಂಟು ವರ್ಷ ಬಾಳಿಕೆ ಎಂದು ಹಿಡಿದರೆ ತಿಂಗಳಿಗೆ ಸುಮಾರು 575 ರೂ. ಬದಿಗಿಡಬೇಕು.

ಪೆಟ್ರೋಲ್ ಲೀಟರಿಗೆ 100 ರೂ., ಬೈಕಿನ ಮೈಲೇಜು 45, ಕರೆಂಟು ಯೂನಿಟಿಗೆ 7 ರೂ. ಎಂದು ಹಿಡಿದಿದ್ದೇನೆ. ನಿಮ್ಮ ದರ ಹಾಕಿಕೊಳ್ಳಿ.

ದಿನಕ್ಕೆ 10 ಕಿ.ಮೀ. ಓಡಿಸುವವರು: ತಿಂಗಳಿಗೆ ಪೆಟ್ರೋಲ್ 667 ರೂ., ಕರೆಂಟು 74 ರೂ. ಉಳಿತಾಯ 593. ಬ್ಯಾಟರಿಗೆ 575 ತೆಗೆದರೆ ಕೈಯಲ್ಲಿ ಉಳಿಯುವುದು 18 ರೂಪಾಯಿ.

ದಿನಕ್ಕೆ 24 ಕಿ.ಮೀ. (ನನ್ನದು): ಪೆಟ್ರೋಲ್ 1,600, ಕರೆಂಟು 175. ಬ್ಯಾಟರಿಯ ಪಾಲು ತೆಗೆದು ಉಳಿಯುವುದು 850.

ದಿನಕ್ಕೆ 40 ಕಿ.ಮೀ.: ಪೆಟ್ರೋಲ್ 2,667, ಕರೆಂಟು 294. ಬ್ಯಾಟರಿಯ ಪಾಲು ತೆಗೆದು ಉಳಿಯುವುದು ಸುಮಾರು 1,800.

ಎಂಜಿನ್ ಆಯಿಲ್, ಚೈನು, ಪ್ಲಗ್ಗುಗಳ ಖರ್ಚು ಉಳಿಯುವುದನ್ನು ಸೇರಿಸಿಲ್ಲ. ಟಯರು, ಬ್ರೇಕು ಎರಡಕ್ಕೂ ಇದ್ದದ್ದೇ.

ಇನ್ನು ಮುಖ್ಯ ಸಂಗತಿ. ಈ ಉಳಿತಾಯವನ್ನು ಯಾವುದರ ಜತೆ ಹೋಲಿಸುತ್ತೀರಿ? ನನ್ನ ಗಾಡಿಗೆ ರಸ್ತೆಗಿಳಿಯುವಾಗ 1,15,000 ಬಿತ್ತು. ಅದೇ ಹೊತ್ತಿಗೆ ಪೆಟ್ರೋಲ್ ಗಾಡಿ ತೆಗೆದುಕೊಂಡಿದ್ದರೆ 95,000. ಹೆಚ್ಚು ಕೊಟ್ಟದ್ದು 20,000. ತಿಂಗಳಿಗೆ 850ರಂತೆ ಎರಡು ವರ್ಷದಲ್ಲಿ ಅದು ಹಿಂದೆ ಬಂತು. ಹೊಸ ಗಾಡಿ ಹೇಗೂ ಬೇಕು ಎನ್ನುವವರಿಗೆ ಇದು ಸರಿ.

ಆದರೆ ಓಡುತ್ತಿರುವ ಹಳೆ ಬೈಕನ್ನು ಮಾರಿ ಇದನ್ನು ತರುವುದಾದರೆ 1,15,000ವೂ ಹೊಸ ಖರ್ಚೇ. ಅದು ಹಿಂದೆ ಬರಲು ಹನ್ನೊಂದು ವರ್ಷ ಬೇಕು. ಅಷ್ಟರಲ್ಲಿ ಬ್ಯಾಟರಿಯೇ ಬದಲಾಗಿರುತ್ತದೆ. ಸೊಸೈಟಿಯ ಎದುರು ‘ನಂಗೆ ಲಾಭ ಇಲ್ಲ’ ಎನ್ನುವವರೂ ಸರಿ, ‘ಲಾಭ ಉಂಟು’ ಎನ್ನುವವರೂ ಸರಿ. ಇಬ್ಬರ ಲೆಕ್ಕದ ಆರಂಭ ಬೇರೆ ಬೇರೆ, ಅದಕ್ಕೆ ಜಗಳ ಮುಗಿಯುವುದಿಲ್ಲ.

ಸಹಾಯಧನ ನಂಬಿ ಲೆಕ್ಕ ಹಾಕಬೇಡಿ. ಕೇಂದ್ರ ಸರಕಾರ ಯೂನಿಟಿಗೆ 15,000 ರೂ. ಲೆಕ್ಕದಲ್ಲಿ ಕೊಡುತ್ತಿದ್ದುದು 2023ರ ಜೂನಿನಲ್ಲಿ 10,000ಕ್ಕೆ ಇಳಿಯಿತು. 2024ರ ಮಾರ್ಚಿಗೆ ಆ ಯೋಜನೆಯೇ ಮುಗಿಯಿತು. 2024ರ ಅಕ್ಟೋಬರಿನ ಹೊಸ ಯೋಜನೆಯಲ್ಲಿ 5,000 ಇತ್ತು, 2025ರ ಏಪ್ರಿಲಿನಲ್ಲಿ ಅದೂ 2,500ಕ್ಕೆ ಇಳಿಯಿತು. ಸಹಾಯಧನ ಇಲ್ಲದೆಯೂ ಲೆಕ್ಕ ಕೂಡಿ ಬಂದರೆ ಮಾತ್ರ ಕೊಳ್ಳಬೇಕು.

ಗೃಹಜ್ಯೋತಿಯವರು ಗಮನಿಸಿ

ಗೃಹಜ್ಯೋತಿ 2023ರಲ್ಲಿ ಬಂದಾಗ ‘ಇನ್ನು ಗಾಡಿಗೂ ಪುಕ್ಕಟೆ ಕರೆಂಟು’ ಎಂದು ಕೆಲವರು ಹೇಳಿದರು. ಹಾಗಿಲ್ಲ. ಆಗ ಉಚಿತ ಎಂದು ನಿಗದಿಯಾದದ್ದು 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ ಹತ್ತು ಸೇರಿಸಿದಷ್ಟು. ನಮ್ಮ ಮನೆಯ ಸರಾಸರಿ 92 ಯೂನಿಟ್ ಇತ್ತು, ಉಚಿತ 101. ಗಾಡಿ ಬಂದ ಮೇಲೆ 117 ಆಯಿತು. ಹೆಚ್ಚಿನ 16 ಯೂನಿಟಿಗೆ ಬಿಲ್ ಬರುತ್ತದೆ. ನಮ್ಮಂಥವರಿಗೆ ಇದು ಸಣ್ಣ ಮೊತ್ತ. ಆದರೆ ಈಗಾಗಲೇ 180-190 ಯೂನಿಟ್ ಸುಡುವ ಮನೆಯವರು ಗಾಡಿಯ 25 ಯೂನಿಟ್ ಸೇರಿ 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕಾಗುತ್ತದೆ. ಕೊಳ್ಳುವ ಮೊದಲು ಹಳೆ ಬಿಲ್ಲುಗಳನ್ನು ತೆಗೆದು ನೋಡಿ.

ಪಂಪಿನ ಉಚಿತ ಲೈನಿನಿಂದ ಚಾರ್ಜ್ ಮಾಡುವ ಆಲೋಚನೆ ಬೇಡ. ಅದು ನೀರಾವರಿಗೆ ಕೊಟ್ಟ ಕರೆಂಟು, ಬೇರೆ ಉಪಯೋಗ ಅಕ್ರಮ. ಅದರ ಮೇಲೆ ತೋಟದ ಲೈನಿನ ವೋಲ್ಟೇಜ್ ಏರಿಳಿತಕ್ಕೆ ಚಾರ್ಜರ್ ಸುಟ್ಟರೆ ಉಳಿಸಿದ್ದೆಲ್ಲ ಹೋಯಿತು.

‘ಕರೆಂಟು ಇಲ್ಲದಿದ್ರೆ?’

ಈ ಸಂಶಯದ ಎದುರು ನನ್ನ ಲೆಕ್ಕ ಸೋತದ್ದುಂಟು.

ಮಾಮೂಲಿ ದಿನಗಳಲ್ಲಿ ತೊಂದರೆಯಿಲ್ಲ. ನನ್ನ ಚಾರ್ಜರ್ ಸುಮಾರು 700 ವಾಟ್, ದೊಡ್ಡ ಮಿಕ್ಸಿಯಷ್ಟು. ಖಾಲಿಯಿಂದ ತುಂಬಲು ಐದು ಗಂಟೆ ಸಾಕು. ದಿನದ 24 ಕಿ.ಮೀ.ಗೆ ಒಂದೂಕಾಲು ಗಂಟೆ ಕರೆಂಟು ಇದ್ದರೆ ಆಯಿತು.

2024ರ ಜುಲೈ. ಆ ವರ್ಷದ ಮಳೆ ನಮ್ಮ ಕರಾವಳಿಯವರಿಗೆ ನೆನಪಿರಬಹುದು. ಲೈನಿನ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ. ಟವರೂ ಸತ್ತು ಫೋನೂ ಇಲ್ಲ. ಮೂರನೆಯ ರಾತ್ರಿ ಹನ್ನೊಂದಕ್ಕೆ ಹಸು ಕರು ಹಾಕಲು ಕಷ್ಟಪಡತೊಡಗಿತು. ಕರುವಿನ ಒಂದೇ ಕಾಲು ಹೊರಗೆ. ಪಶು ಡಾಕ್ಟ್ರ ಮನೆ 14 ಕಿ.ಮೀ. ದೂರ, ಹೋಗಿ ಬರಲು 28. ಗಾಡಿಯ ಸ್ವಿಚ್ ತಿರುಗಿಸಿದೆ. ಉಳಿದದ್ದು 24 ಕಿ.ಮೀ. ಎಂದು ತೋರಿಸಿತು.

ಸ್ವಿಚ್ ಆಫ್ ಮಾಡಿ ಕೊಟ್ಟಿಗೆಯ ಬದಿಯಲ್ಲಿ ಟಾರ್ಪಾಲು ಹೊದ್ದಿದ್ದ ಹಳೆ ಬೈಕನ್ನು ಎಳೆದೆ. ಏಳೆಂಟು ಕಿಕ್ಕಿಗೆ ಹೊತ್ತಿಕೊಂಡಿತು. ಡಾಕ್ಟ್ರು ನನ್ನ ಬೈಕಿನ ಹಿಂದೆಯೇ ಅವರ ಗಾಡಿಯಲ್ಲಿ ಬಂದರು. ಹಸುವೂ ಉಳಿಯಿತು, ಕರುವೂ ಉಳಿಯಿತು.

ಆ ಹಿಂದಿನ ತಿಂಗಳು ಒಬ್ಬರು ಹಳೆ ಬೈಕಿಗೆ 14,000 ಕೊಡುತ್ತೇನೆ ಎಂದಿದ್ದರು. ಕೊಡುವ ಮನಸ್ಸು ಮಾಡಿದ್ದೆ. ಕೊಟ್ಟಿದ್ದರೆ ಆ ರಾತ್ರಿ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ತಪ್ಪು ಗಾಡಿಯದ್ದಲ್ಲ. ಮಳೆ ಜೋರಾಗುತ್ತದೆ ಎಂದು ಗೊತ್ತಿದ್ದೂ ಅರ್ಧ ಚಾರ್ಜಿನಲ್ಲಿ ಬಿಟ್ಟವನು ನಾನು. ಆದರೆ ಪೆಟ್ರೋಲ್ ಆಗಿದ್ದರೆ ಪಕ್ಕದ ಮನೆಯವರ ಬೈಕಿನಿಂದ ಅರ್ಧ ಲೀಟರ್ ಬಾಟ್ಲಿಯಲ್ಲಿ ತರಬಹುದಿತ್ತು. ಕರೆಂಟನ್ನು ಹಾಗೆ ಸಾಲ ತರಲು ಆಗುವುದಿಲ್ಲ.

ಅಂದಿನಿಂದ ಜೂನಿನಿಂದ ಸೆಪ್ಟೆಂಬರ್ ತನಕ ಶೇಕಡಾ 60ರ ಕೆಳಗೆ ಇಳಿಸುವುದಿಲ್ಲ. ಮೋಡ ಕಟ್ಟಿದರೆ ಮೊದಲು ಗಾಡಿ ಚಾರ್ಜಿಗೆ. ಮನೆಯ ಇನ್ವರ್ಟರಿನಿಂದ ತುಂಬಿಸಬಹುದಲ್ಲ ಎಂದು ಕೇಳುವವರಿಗೆ: 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್. ಅದನ್ನು ಬುಡಕ್ಕೆ ಇಳಿಸಿದರೆ ಇನ್ವರ್ಟರಿನ ಬ್ಯಾಟರಿ ಹಾಳು. ಮಾಡಿನ ಮೇಲಿನ ಸೋಲಾರ್ ಕೂಡ ಲೈನಿಗೆ ಜೋಡಿಸಿದ ಮಾದರಿಯಾದರೆ ಲೈನ್ ಹೋದಾಗ ತಾನೂ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಮೋಸ ಹೋದವರಿದ್ದಾರೆ.

ಬೆಂಕಿ, ನೀರು

ಬೆಂಕಿಯ ಹೆದರಿಕೆ ಕಟ್ಟುಕತೆಯಲ್ಲ. 2022ರ ಮಾರ್ಚ್, ಏಪ್ರಿಲಿನಲ್ಲಿ ದೇಶದ ಹಲವು ಕಡೆ ಗಾಡಿಗಳು ಉರಿದವು. ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟ ಗಾಡಿಯಿಂದ ಎದ್ದ ಹೊಗೆಗೆ ತಂದೆ ಮಗಳು ತೀರಿಕೊಂಡರು. ಆ ಬಳಿಕ ಸರಕಾರ ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿ ಮಾಡಿತು. ಎಐಎಸ್ 156 ಎಂಬ ಆ ನಿಯಮ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆಗೆ ಎರಡು ಹಂತದಲ್ಲಿ ಜಾರಿಗೆ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದಕ್ಕಿಂತ ಹಿಂದಿನ ಗಾಡಿಯಾದರೆ ಎರಡು ಸಲ ಯೋಚಿಸಿ. ಬ್ಯಾಟರಿ ಎಲ್‌ಎಫ್‌ಪಿ ಜಾತಿಯದ್ದೇ ಎಂದೂ ಕೇಳಿ. ಅದು ತುಸು ಭಾರ, ಆದರೆ ಬಿಸಿ ತಾಳುತ್ತದೆ, ಬಾಳಿಕೆಯೂ ಹೆಚ್ಚು.

ನಾನು ಪಾಲಿಸುವ ನಿಯಮಗಳು ಇಷ್ಟು. ಮಲಗುವ ಕೋಣೆ, ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಇಡುವುದಿಲ್ಲ. ಅಡಿಕೆ ಸಿಪ್ಪೆ, ಬೈಹುಲ್ಲು, ಸೋಗೆ ಇರುವ ಕಡೆ ಇಡುವುದೇ ಇಲ್ಲ. ಬಿಸಿಲಲ್ಲಿ ಓಡಿ ಬಂದ ತಕ್ಷಣ ಚುಚ್ಚುವುದಿಲ್ಲ, ಅರ್ಧ ಗಂಟೆ ತಣಿಯಲು ಬಿಡುತ್ತೇನೆ. ಕಂಪೆನಿಯ ಚಾರ್ಜರನ್ನೇ ಉಪಯೋಗಿಸುತ್ತೇನೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಹಲವು ಚಾರ್ಜರುಗಳು ಕೆಲಸ ಮಾಡುವುದೇ ಇಲ್ಲ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ, ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯಬೇಕು.

ನೀರಿನ ವಿಷಯದಲ್ಲಿ ನನ್ನ ಸಂಶಯ ಸುಳ್ಳಾಯಿತು. ಬ್ಯಾಟರಿ ಐಪಿ 67 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡಿದ್ದಾರೆ ಎಂದರ್ಥ. ಮೂರು ಮಳೆಗಾಲದಲ್ಲಿ ರಸ್ತೆಯ ನೀರಿನಲ್ಲಿ ಓಡಿಸಿದ್ದೇನೆ, ಏನೂ ಆಗಲಿಲ್ಲ. ಹಾಗೆಂದು ಹರಿಯುವ ತೋಡಿಗೆ ಇಳಿಸಬೇಡಿ, ಪಂಪಿನ ರಭಸದ ನೀರು ಬಿಟ್ಟು ತೊಳೆಯಬೇಡಿ. ಪರೀಕ್ಷೆ ಮಾಡಿದ್ದು ನಿಂತ ನೀರಿನಲ್ಲಿ.

ಗ್ಯಾರೇಜಿನವರ ಮಾತು

ಹೆಚ್ಚು ನೋವು ಕೊಟ್ಟದ್ದು ಬ್ಯಾಟರಿಯಲ್ಲ, ಒಂದು ಸಣ್ಣ ಸ್ವಿಚ್ಚು. 2025ರ ಜೂನಿನಲ್ಲಿ ಒಂದು ಬೆಳಗ್ಗೆ ಗಾಡಿ ಹೊರಡಲಿಲ್ಲ. ಬ್ರೇಕ್ ಹಿಡಿದರೆ ಮಾತ್ರ ಸ್ಟಾರ್ಟ್ ಆಗುವ ಗಾಡಿಯಿದು. ಆ ಬ್ರೇಕ್ ಹಿಡಿಯ ಒಳಗಿನ ಸ್ವಿಚ್ ಕೆಟ್ಟಿತ್ತು. ಬೈಕಿನಲ್ಲಾದರೆ ಹಿಂದಿನ ಲೈಟ್ ಉರಿಯುತ್ತಿರಲಿಲ್ಲ, ಅಷ್ಟೆ. ಇದರಲ್ಲಿ ಗಾಡಿಯೇ ನಿಂತಿತು. ಸರ್ವಿಸ್ ಸೆಂಟರ್ 60 ಕಿ.ಮೀ. ದೂರ. ಪಿಕಪ್‌ನಲ್ಲಿ ಹಾಕಿ ಕಳಿಸಿದೆ, ಬಾಡಿಗೆ 1,800. ಬಿಡಿಭಾಗ ಬರಲು 19 ದಿನ. ಸ್ವಿಚ್ಚಿನ ಬೆಲೆ 340 ರೂಪಾಯಿ.

ಅಷ್ಟು ದಿನ ಹಳೆ ಬೈಕಿನಲ್ಲೇ ಹಾಲು ಕೊಂಡುಹೋದೆ. ಸೊಸೈಟಿಯಲ್ಲಿ ನಗೆಯಾಡಿದವರಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮೂರಿನ ಗ್ಯಾರೇಜಿನವರು ಮಾತ್ರ ನಗಲಿಲ್ಲ. ‘ಅಣ್ಣಾ, ಇದ್ರ ಟಯರು ಪಂಕ್ಚರ್ ಹಾಕ್ತೇನೆ, ಬ್ರೇಕ್ ಶೂ ಹಾಕ್ತೇನೆ. ಒಳಗಿದ್ದು ನೋಡ್ಲಿಕ್ಕೆ ಅವ್ರ ಕಂಪ್ಯೂಟರ್ ಬೇಕು, ಅದು ನಮ್ಗೆ ಕೊಡುದಿಲ್ಲ. ಎಲ್ರೂ ಇದೇ ತಗೊಂಡ್ರೆ ನಾನು ಎಂತ ಮಾಡ್ಲಿ?’ ಎಂದರು.

ಅವರ ಮಾತು ಅಲಕ್ಷ್ಯ ಮಾಡುವಂಥದ್ದಲ್ಲ. ಬೈಕನ್ನು ನಾವು ನಂಬುವುದು ಅದು ಕೆಡುವುದಿಲ್ಲ ಎಂದಲ್ಲ, ಕೆಟ್ಟರೆ ಎರಡು ಕಿ.ಮೀ.ಯೊಳಗೆ ರಿಪೇರಿಯವರಿದ್ದಾರೆ ಎಂದು. ಕರೆಂಟು ಗಾಡಿಯ ಕಂಪೆನಿಗಳು ಊರಿನ ಗ್ಯಾರೇಜಿನವರಿಗೆ ಕಲಿಸಿ, ಬಿಡಿಭಾಗ ಕೊಡುವ ತನಕ ಹಳ್ಳಿಯ ಬೈಕಿನವರ ಸಂಶಯ ಹೋಗುವುದಿಲ್ಲ. ಹೋಗಲೂಬಾರದು.

ಹಿಂದೊಮ್ಮೆ ಸೀಸದ ಬ್ಯಾಟರಿಯ ಗಾಡಿಗಳು ಬಂದು ಬೇಗನೆ ಮೂಲೆ ಸೇರಿದ್ದನ್ನು ಹಿರಿಯರು ನೆನಪಿಸುತ್ತಾರೆ. ಈಗಿನದು ಲಿಥಿಯಂ, ಆ ಜಾತಿಯೇ ಬೇರೆ. ಮೂರು ವರ್ಷದ ವಾರಂಟಿ ಸಾಮಾನ್ಯವಾಗಿತ್ತು, ಕೆಲವು ಕಂಪೆನಿಗಳು ಎಂಟು ವರ್ಷ, 80,000 ಕಿ.ಮೀ. ತನಕ ಕೊಡತೊಡಗಿವೆ. ಆದರೆ ವಾರಂಟಿ ಬರೆದುಕೊಟ್ಟ ಕಂಪೆನಿಯೇ ಎಂಟು ವರ್ಷ ಇರಬೇಕಲ್ಲ? ಬೆಲೆಗಿಂತ ಮೊದಲು ಸರ್ವಿಸ್ ಸೆಂಟರಿನ ದೂರ ನೋಡಿ.

ಹೊಗೆಯ ಲೆಕ್ಕ

‘ಕರೆಂಟು ಬರುದು ಕಲ್ಲಿದ್ದಲಿಂದ, ಹೊಗೆ ಇಲ್ಲಿ ಬಿಡುವ ಬದಲು ಅಲ್ಲಿ’ ಎನ್ನುವವರೂ ಇದ್ದಾರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೊ ಇಂಗಾಲದ ಡೈಆಕ್ಸೈಡ್. ಬೈಕಿನಲ್ಲಿ ನೂರು ಕಿ.ಮೀ.ಗೆ ಐದು ಕಿಲೊ. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೊ, ಮೂರೂವರೆ ಯೂನಿಟಿಗೆ ಎರಡೂವರೆ ಕಿಲೊ. ಅಂದರೆ ಸೊನ್ನೆಯಲ್ಲ, ಅರ್ಧ. ನಮ್ಮ ರಾಜ್ಯದಲ್ಲಿ ಶರಾವತಿಯ ನೀರು, ಪಾವಗಡದ ಬಿಸಿಲು ಸೇರುವುದರಿಂದ ಇನ್ನೂ ಕಡಿಮೆ ಇರಬಹುದು.

ಕೊನೆಗೆ ನನ್ನ ಅಭಿಪ್ರಾಯ

ಎರಡು ವರ್ಷದಲ್ಲಿ ಗಾಡಿ 18,600 ಕಿ.ಮೀ. ಓಡಿದೆ. ಮಗಳು, ಮನೆಯಾಕೆ, ನಾನು ಮೂವರೂ ಓಡಿಸುತ್ತೇವೆ. ನನಗೆ ಪಶ್ಚಾತ್ತಾಪವಿಲ್ಲ. ಆದರೆ ‘ಎಲ್ರೂ ತಗೊಳ್ಳಿ’ ಎಂದು ಹೇಳುವ ಧೈರ್ಯವೂ ಇಲ್ಲ.

ಹೊಸ ಗಾಡಿ ಹೇಗೂ ಬೇಕು, ದಿನಕ್ಕೆ ಇಪ್ಪತ್ತು ಕಿ.ಮೀ. ಮೇಲೆ ಓಡಾಟ, ಮನೆಯಲ್ಲಿ ಇನ್ನೊಂದು ಗಾಡಿ ಇದೆ, 25 ಕಿ.ಮೀ. ಒಳಗೆ ಸರ್ವಿಸ್ ಇದೆ. ಈ ನಾಲ್ಕೂ ಕೂಡಿದವರು ಧೈರ್ಯದಿಂದ ಮುಂದುವರಿಯಬಹುದು. ನನಗೆ ನಾಲ್ಕನೆಯದ್ದು ಇರಲಿಲ್ಲ. ಅದರ ದಂಡವನ್ನು 19 ದಿನ ಕಟ್ಟಿದೆ.

ಇರುವುದೊಂದೇ ಬೈಕು, ಅದು ಚೆನ್ನಾಗಿ ಓಡುತ್ತಿದೆ, ದಿನಕ್ಕೆ ಹತ್ತು ಕಿ.ಮೀ. ಓಡಾಟ ಎನ್ನುವವರು ಸುಮ್ಮನೆ ಅದನ್ನೇ ಓಡಿಸಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಎರಡರ ನಡುವೆ ಇರುವವರು ಒಂದು ತಿಂಗಳು ಡೈರಿ ಬರೆಯಿರಿ. ಸಾಧ್ಯವಾದರೆ ಆ ತಿಂಗಳು ಜುಲೈ ಆಗಿರಲಿ. ದಿನದ ಕಿ.ಮೀ., ಹೊರೆ, ಕರೆಂಟು ಇಲ್ಲದ ಗಂಟೆ, ಇಷ್ಟು ಸಾಕು. ಬರೆದವರು ಪತ್ರಿಕೆಗೂ ಕಳಿಸಿದರೆ ಬಯಲುಸೀಮೆ, ಮಲೆನಾಡು, ಕರಾವಳಿಯ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಶೋರೂಮಿನ ಕಾಗದಕ್ಕಿಂತ ಅದು ನಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಹಳೆ ಬೈಕನ್ನು ನಾನಿನ್ನೂ ಮಾರಿಲ್ಲ. ವಾರಕ್ಕೊಮ್ಮೆ ಕಿಕ್ ಹೊಡೆದು ಐದು ನಿಮಿಷ ಓಡಿಸಿ ಇಡುತ್ತೇನೆ. ಟ್ಯಾಂಕಿನಲ್ಲಿ ಎರಡು ಲೀಟರ್ ಯಾವಾಗಲೂ ಇರುತ್ತದೆ.